ಸೆಟ್ ಮುಗೀಲಿ

ಅಪ್ಪ ಹೋದ ವರ್ಷ ತೀರಿಕೊಂಡಾಗ ಊರಿನ ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಶ್ರದ್ಧಾಂಜಲಿ ಸಭೆ ಮಾಡಿದರು. ಎಂಬತ್ತು ದಾಟಿದ ಮೇಲೂ ದಿನಾ ಬೆಳಿಗ್ಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕತ್ತಿಗೆ ಸೀಟಿ ನೇತುಹಾಕಿಕೊಂಡು ಅದೇ ಮೈದಾನಕ್ಕೆ ನಡೆದು ಹೋಗುತ್ತಿದ್ದ ಮನುಷ್ಯ. ಹಿರಿಯರ ಕ್ರೀಡಾಕೂಟಗಳಲ್ಲಿ ನಡಿಗೆ ಸ್ಪರ್ಧೆಗೆ ಹೋಗಿ ಪದಕ ತಂದವನು. ಸೈನ್ಯದಿಂದ ಬಂದ ಮೇಲೆ ಸುತ್ತಮುತ್ತಲ ಹುಡುಗರನ್ನು ಕೂಡಿಸಿ ವಾಲಿಬಾಲ್ ಹೇಳಿಕೊಟ್ಟವನು. ಅವನ ಬಗ್ಗೆ ಮಾತಾಡಲು ಜನಕ್ಕೆ ಬೇಕಾದಷ್ಟಿತ್ತು. ಒಬ್ಬರಾದ ಮೇಲೊಬ್ಬರು ಬಂದು ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡರು. ನಾನೂ ಕೇಳುತ್ತ ಕೂತಿದ್ದೆ. ಕೊನೆಗೆ ಒಬ್ಬರು ಬಂದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು, ಹಿಂದೆ ಅಪ್ಪನ ಟೀಮಿನಲ್ಲಿ ಆಡಿದವರು.

“ಭಾನುವಾರ ಆಟ ಮುಗಿದ ಮೇಲೆ ನಮ್ಮನ್ನ ಯಾರನ್ನೂ ಹಸಿದು ಕಳಿಸ್ತಿರಲಿಲ್ಲ ನಮ್ಮ ರುದ್ರಪ್ಪಾರು. ಅವರು ಹಾಕಿದ ಮುದ್ದೆ ಉಂಡೇ ನಾವು ಇಷ್ಟೆತ್ತರ ಬೆಳೆದದ್ದು.”

ಚಪ್ಪಾಳೆ ಬಿತ್ತು. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವ್ವ ತನ್ನ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ನಾನು ಕಂಡ ಮಟ್ಟಿಗೆ ಅಪ್ಪ ತನ್ನ ಜನ್ಮದಲ್ಲಿ ಒಂದು ಸಲವೂ ಮುದ್ದೆ ಕೋಲು ಮುಟ್ಟಿದವನಲ್ಲ. ಸತ್ತವನ ಸಭೆಯಲ್ಲಿ ಎದ್ದು ನಿಂತು ಕೂಗಾಡುವುದಕ್ಕೆ ಆಗಲಿಲ್ಲ. ಇಲ್ಲಿ ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಮ್ಮ ಮನೆ ತುರುವೇಕೆರೆ ಕಡೆಯಿಂದ ನೊಣವಿನಕೆರೆಗೆ ಹೋಗುವ ದಾರಿಯಲ್ಲಿ, ತೋಟದ ಒಳಗೇ ಇತ್ತು. ಮುಂದೆ ಜಗಲಿ, ಆಮೇಲೆ ಪಡಸಾಲೆ, ನಡುಮನೆ, ಹಿಂದೆ ಅಡಿಗೆಮನೆ. ನಡುಮನೆಯ ಮೇಲೆ ಅಟ್ಟ. ಕೊಬ್ಬರಿಯಾಗಲೆಂದು ಕಾಯಿಗಳನ್ನು ಸಿಪ್ಪೆ ಸಮೇತ ಆ ಅಟ್ಟದಲ್ಲಿ ಸುರಿದು ವರ್ಷವೇ ಬಿಡುತ್ತಿದ್ದರು. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಿಟಕು ಚಿಪ್ಪು ಬಿಟ್ಟುಕೊಂಡಾಗ, ಇಲಿಗಳು ಓಡಾಡಿದರೆ ಕಾಯಿಗಳು ಲೊಟಲೊಟ ಅನ್ನುತ್ತಿದ್ದವು. ಮನೆಯ ಬಟ್ಟೆಬರೆಗೆಲ್ಲ, ನನ್ನ ಸ್ಕೂಲಿನ ಪುಸ್ತಕಕ್ಕೂ, ಒಲೆಯ ಹೊಗೆ ಮತ್ತು ಕೊಬ್ಬರಿ ಸೇರಿದ ಒಂದೇ ವಾಸನೆ. ನಡುಮನೆಯ ಗೋಡೆಗೆ ಒತ್ತಿ ಅಪ್ಪನ ಕಪ್ಪು ಟ್ರಂಕು ಇತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು ಮತ್ತು ನಂಬರು. ಅದರ ಮೇಲೆ ನಾನು ಕೂರುವಂತಿರಲಿಲ್ಲ. ದೇವರ ಗೂಡಿನ ಪಕ್ಕದಲ್ಲೇ ಅಪ್ಪನ ರೆಜಿಮೆಂಟಿನ ವಾಲಿಬಾಲ್ ಟೀಮಿನ ಫೋಟೋ. ಅವ್ವ ಬೆಳಿಗ್ಗೆ ಪೂಜೆ ಮುಗಿಸಿ ದೇವರಿಗೆ ಇಟ್ಟ ಹೂವಿನಲ್ಲಿ ಒಂದನ್ನು ಅದಕ್ಕೂ ಸಿಕ್ಕಿಸುತ್ತಿದ್ದಳು. ಹಾಗೆ ಮಾಡು ಎಂದು ಅಪ್ಪ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಅಪ್ಪ ಕುಡಿಯುತ್ತಿರಲಿಲ್ಲ. ಅವ್ವನ ಮೇಲಾಗಲಿ ನನ್ನ ಮೇಲಾಗಲಿ ಕೈ ಮಾಡಿದವನಲ್ಲ. ಉಂಡ ತಟ್ಟೆಯನ್ನು ತಾನೇ ಬಾವಿಕಟ್ಟೆಗೆ ಒಯ್ದು ಬೂದಿ ಹಾಕಿ ಉಜ್ಜಿ ತೊಳೆಯುತ್ತಿದ್ದ. ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕುತ್ತಿದ್ದ. ಇದು ಊರಿನಲ್ಲಿ ದೊಡ್ಡ ಮಾತಾಗಿತ್ತು. ಬೇರೆ ಗಂಡಸರು ಉಂಡೆದ್ದು ಕೈತೊಳೆದ ನೀರನ್ನೂ ತಟ್ಟೆಯಲ್ಲೇ ಬಿಟ್ಟು ಹೋಗುವ ಕಡೆ, ಗಂಡಸು ತಟ್ಟೆ ತೊಳೆಯುತ್ತಾನೆ ಅಂದರೆ ನೋಡಲು ಬರುವವರೂ ಇದ್ದರು. ಅವ್ವ ತವರಿಗೆ ಹೋದಾಗ ಬಾಯಿಬಿಟ್ಟು ಏನಾದರೂ ಹೇಳಿಕೊಂಡರೆ ನನ್ನ ಅಜ್ಜಿ ಅವಳನ್ನೇ ಬೈಯುತ್ತಿದ್ದಳು.

“ಕುಡಿಯಾಕಿಲ್ಲ, ಹೊಡಿಯಾಕಿಲ್ಲ, ಉಂಡ ತಟ್ಟೆ ಅವ್ನೇ ತೊಳೀತಾನೆ. ಇನ್ನೇನ್ ಬೇಕೇ ನಿಂಗೆ?”

ಅಪ್ಪ ತನ್ನ ಒಂದು ತಟ್ಟೆ ತೊಳೆಯುತ್ತಿದ್ದ, ನಿಜ. ಭಾನುವಾರ ಅವನು ಕರೆತಂದು ಜಗಲಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದ ಹನ್ನೆರಡು ಹುಡುಗರ ತಟ್ಟೆಗಳನ್ನು ಅವ್ವ ತೊಳೆಯುತ್ತಿದ್ದಳು, ನಾನು ನೀರು ಸೇದಿ ಕೊಡುತ್ತಿದ್ದೆ. ಶನಿವಾರವೇ ರಾಗಿ ಬೀಸಿಕೊಂಡು ಬರಬೇಕು. ಹುರುಳಿಕಾಳು ನೆನೆಹಾಕಬೇಕು. ಬೆಳಿಗ್ಗೆ ಎದ್ದು ಸೌದೆ ಒಟ್ಟಿ, ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಅದನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು ಅವ್ವ ಮುದ್ದೆ ತೊಳಸುವಾಗ ಅವಳ ಬೆನ್ನಿನ ಮೂಳೆಗಳು ರವಿಕೆಯೊಳಗೆ ಏರಿಳಿಯುವುದು ನನಗೆ ಕಾಣುತ್ತಿತ್ತು. ಬಿಸಿ ಹಿಟ್ಟನ್ನು ತಣ್ಣೀರಲ್ಲಿ ಅದ್ದಿದ ಕೈಯಿಂದ ಉಂಡೆ ಕಟ್ಟಿ ಕಟ್ಟಿ ಅವಳ ಅಂಗೈ ಸದಾ ಕೆಂಪಗಿರುತ್ತಿತ್ತು. ಅದೇ ಹೊತ್ತಿಗೆ ಅಪ್ಪ ಜಗಲಿಯಲ್ಲಿ ಕೂತು ಚರ್ಮದ ಚೆಂಡಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಹಾಕಿಕೊಂಡು, ಹೊಲಿಗೆ ಹೊಲಿಗೆಗೂ ಇಳಿಯುವ ಹಾಗೆ ಸವರುತ್ತಿದ್ದ. ಅಷ್ಟು ಮೃದುವಾಗಿ ಅವನು ಇನ್ನಾವುದನ್ನೂ ಮುಟ್ಟಿದ್ದನ್ನು ನಾನು ನೋಡಿಲ್ಲ. ನನ್ನ ತಲೆಗೆ ಒಂದು ದಿನವೂ ಎಣ್ಣೆ ಹಚ್ಚಿದವನಲ್ಲ.

ಆಟದ ಅಂಕಣ ಮನೆಯ ಮುಂದೆಯೇ ಇತ್ತು. ಮೊದಲು ಅಲ್ಲಿ ಆರು ತೆಂಗಿನ ಮರಗಳಿದ್ದವಂತೆ, ಒಂದೊಂದೂ ಒಳ್ಳೆ ಫಸಲಿನವು. ಸೈನ್ಯದಿಂದ ಬಂದು, ಅಣ್ಣತಮ್ಮಂದಿರ ಭಾಗವಾಗಿ ತನ್ನ ಪಾಲು ಕೈಗೆ ಬಂದ ವರ್ಷವೇ ಅಪ್ಪ ಅವನ್ನು ಕಡಿಸಿ, ನೆಲ ಸಮ ಮಾಡಿಸಿ, ಬಲೆ ಕಟ್ಟಿದ. ನಮ್ಮ ಸೀಮೆಯಲ್ಲಿ ಒಣಗಿದ ತೆಂಗಿನ ಮರ ಕಡಿಯುವುದಕ್ಕೂ ಹತ್ತು ಸಲ ಯೋಚಿಸುತ್ತಾರೆ. ಪಕ್ಕದ ಮನೆಯೇ ದೊಡ್ಡಪ್ಪನದು. ಅಪ್ಪನ ಅಣ್ಣ, ಮಹಾಲಿಂಗಪ್ಪ ಅಂತ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ, ವಾರಕ್ಕೊಮ್ಮೆ ತಿಪಟೂರಿನ ಮಾರುಕಟ್ಟೆಗೆ ಟೆಂಪೋದಲ್ಲಿ ಮೂಟೆ ಹಾಕಿಕೊಂಡು ಹೋಗುತ್ತಿದ್ದ. ಮರ ಬಿದ್ದ ದಿನ ಅವನು ಬೇಲಿಯ ಹತ್ತಿರ ನಿಂತು ಕೂಗಿದ್ದು ನನಗೆ ಮಸುಕಾಗಿ ನೆನಪಿದೆ.

“ಅಪ್ಪ ನೀರ್ ಹೊತ್ತು ಬೆಳೆಸಿದ ಮರ ಕಣ್ಲಾ ಅವು! ಆಟ ಆಡಾಕೆ ಕಡುದ್ಯಾ? ಇನ್ ನಿನ್ನ ಮನೆ ಮೆಟ್ಲು ನಾನ್ ಹತ್ತಾಕಿಲ್ಲ, ಹೋಗು.”

“ಬ್ಯಾಡ ಬುಡು,” ಅಂದ ಅಪ್ಪ. ಹಾಗೆ ಅವರಿಬ್ಬರ ಮಾತು ನಿಂತಿತು.

ಆ ಅಂಕಣದಲ್ಲಿ ನನಗೂ ಒಂದು ಕೆಲಸವಿತ್ತು. ಚೆಂಡು ಗೆರೆಯಾಚೆ ತೋಟಕ್ಕೆ ಉರುಳಿದರೆ ಎತ್ತಿ ತರುವುದು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಗೆರೆಯ ಮೇಲೆ ನಿಂತು, ಎಡಗೈಯಲ್ಲಿ ಚೆಂಡು ಹಿಡಿದು ಬಲಗೈ ಮುಷ್ಟಿಯಿಂದ ಬಾರಿಸಿದೆ. ಚೆಂಡು ಬಲೆ ದಾಟಿ ಆ ಕಡೆ ಬಿತ್ತು. ನನಗೆ ಹತ್ತು ವರ್ಷ. ಆ ಖುಷಿಯಲ್ಲಿ ತಿರುಗಿ ನೋಡಿದರೆ ಅಪ್ಪ ಜಗಲಿಯಲ್ಲಿ ನಿಂತಿದ್ದ. ನೋಡಿದ್ದ. ಅವನ ಮುಖದಲ್ಲಿ ಏನೋ ಬಂದು ಹೋಯಿತು, ಮೆಚ್ಚುಗೆಯೇ ಇರಬೇಕು, ಆಟ ಬಲ್ಲವನಲ್ಲವೇ. ಆದರೆ ಹೇಳಿದ್ದು ಇಷ್ಟು:

“ಹೋಗು, ನಿಮ್ಮವ್ವಂಗೆ ನೀರು ಸೇದಿಕೊಡು.”

ಆ ಬೇಸಿಗೆಯಲ್ಲಿ ಅವ್ವ ಬಸುರಿ. ನಾನು ಹುಟ್ಟಿ ಬಹಳ ವರ್ಷದ ಮೇಲೆ ನಿಂತ ಬಸಿರು. ಅಪ್ಪನಿಗೆ ಗಂಡು ಮಗುವೇ ಎಂದು ಖಾತ್ರಿಯಾಗಿಬಿಟ್ಟಿತ್ತು. ಹುಡುಗರ ಮುಂದೆ, “ನೋಡ್ರಲಾ, ನಮ್ಮ ಟೀಮಿಗೆ ಸ್ಮ್ಯಾಶರ್ ಬತ್ತಾವ್ನೆ” ಎಂದು ನಗುತ್ತಿದ್ದ. ಅದೇ ಬೇಸಿಗೆಯಲ್ಲಿ ಅವನು ಒಂದು ಟೂರ್ನಮೆಂಟ್ ಇಟ್ಟುಕೊಂಡ. ಶೆಟ್ಟಿಕೆರೆಯಿಂದ, ನೊಣವಿನಕೆರೆಯಿಂದ, ಹುಳಿಯಾರಿನಿಂದ ಟೀಮುಗಳು ಬರುವುದೆಂದಾಯಿತು. ಎಲ್ಲರಿಗೂ ಊಟ ನಮ್ಮ ಮನೆಯಲ್ಲೇ. ಹಿಂದಿನ ಸಂಜೆ ಅವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಅವಳು ಏನನ್ನಾದರೂ ಕೇಳುವುದೇ ಅಪರೂಪ.

“ಸೊಂಟ ಹಿಡ್ಕಂಡಂಗೈತೆ ಕಣ್ರೀ. ಆರನೇ ತಿಂಗಳು. ಈ ಸಲ ಅಡಿಗೆಗೆ ಯಾರ್ನಾರ ಕರ್ಸಿ.”

ಅಪ್ಪ ಬಲೆಯ ಹರಿದ ಕಡೆ ದಾರ ಹಾಕಿ ಗಂಟು ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

“ಒಂದಿನದ ಕೆಲ್ಸ. ಮಿಲ್ಟ್ರೀಲಿ ನಾವು ಜ್ವರ ಇಟ್ಕಂಡು ಬೆಟ್ಟ ಹತ್ತಿದೀವಿ.”

ಮರುದಿನ ಬಿಸಿಲು ಏರುವ ಹೊತ್ತಿಗೆ ತೋಟದ ತುಂಬ ಜನ. ಮೈಕಿನಲ್ಲಿ ಹಾಡು, ಸೈಕಲ್ಲುಗಳು, ಐಸ್‌ಕ್ಯಾಂಡಿ ಮಾರುವವನ ಗಂಟೆ. ಅಪ್ಪ ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು, ಬಲೆಯ ಪಕ್ಕ ಹಾಕಿದ್ದ ಎತ್ತರದ ಸ್ಟೂಲಿನ ಮೇಲೆ ಅಂಪೈರಾಗಿ ಕೂತಿದ್ದ. ನಾನು ಮಜ್ಜಿಗೆಯ ಬಿಂದಿಗೆ ಹೊತ್ತು ಎರಡು ಸಲ ಅಂಕಣಕ್ಕೆ ಹೋಗಿ ಬಂದೆ. ಮೂರನೇ ಸಲ ಅಡಿಗೆಮನೆಗೆ ಬಂದಾಗ ಅವ್ವ ಒಲೆಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮುದ್ದೆಯ ಪಾತ್ರೆ ಓರೆಯಾಗಿತ್ತು. ನೆಲ ಒದ್ದೆಯಾಗಿದ್ದನ್ನು ನೋಡಿ ಎಸರು ಚೆಲ್ಲಿದೆ ಅಂದುಕೊಂಡೆ. ಹತ್ತಿರ ಹೋದಾಗ ಅವಳ ಸೀರೆ ನೆನೆದಿರುವುದು ಕಂಡಿತು, ಅದು ನೀರಲ್ಲ ಎಂದೂ ಕಂಡಿತು.

“ನಿಮ್ಮಪ್ಪನ್ನ ಕರಿ,” ಅಂದಳು. “ಓಡು, ಗಿರಿಜಿ.”

ನಾನು ಓಡಿದೆ. ಜನರ ಕಾಲುಗಳ ನಡುವೆ ನುಗ್ಗಿ ಸ್ಟೂಲಿನ ಬುಡಕ್ಕೆ ಹೋಗಿ ಅಪ್ಪನ ಪ್ಯಾಂಟಿನ ಅಂಚು ಹಿಡಿದು ಜಗ್ಗಿದೆ.

“ಅಪ್ಪಾ, ಅವ್ವ ಬಿದ್ದವ್ಳೆ, ಬಾ!”

ಅಪ್ಪ ಕೆಳಗೆ ನೋಡದೆ ಅಂಗೈ ಎತ್ತಿ ತಡೆದ. ಬಾಯಲ್ಲಿದ್ದ ಸೀಟಿ ತೆಗೆದು ಹೇಳಿದ:

“ಸೆಟ್ ಮುಗೀಲಿ.”

“ರಕ್ತ ಬತ್ತೈತಪ್ಪಾ!”

ಈ ಸಲ ಅವನು ಕತ್ತು ಬಗ್ಗಿಸಿ ನನ್ನ ಮುಖ ನೋಡಿದ. ಇದನ್ನು ನಾನು ಯಾರ ಹತ್ತಿರ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಜನರ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದು ಆಮೇಲೆ ನಂಟರೆಲ್ಲ ನನಗೆ ಸಮಾಧಾನ ಹೇಳಿದರು. ಅವನು ನೋಡಿದ. ನೋಡಿ, ಮತ್ತೆ ಬಲೆಯ ಕಡೆ ತಿರುಗಿ, ಸೀಟಿ ಬಾಯಿಗಿಟ್ಟುಕೊಂಡ.

ಅಲ್ಲಿ ನಿಂತು ಅಳುವಷ್ಟು ಹೊತ್ತು ನನಗಿರಲಿಲ್ಲ. ಬೇಲಿಯ ಸಂದಿಯಲ್ಲಿ ನುಸುಳಿ ದೊಡ್ಡಪ್ಪನ ಮನೆಗೆ ಓಡಿದೆ. ಅವನು ಜಗಲಿಯಲ್ಲಿ ಕೂತು ಕೊಬ್ಬರಿ ಆರಿಸುತ್ತಿದ್ದ, ಒಳ್ಳೆಯದು ಒಂದು ಕಡೆ, ಮುರುಕು ಒಂದು ಕಡೆ. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಎದ್ದ. ಮಡಿಲಲ್ಲಿದ್ದ ಕೊಬ್ಬರಿ ಚೆಲ್ಲಾಪಿಲ್ಲಿಯಾಗಿ ಉರುಳಿತು. ಹತ್ತುವುದಿಲ್ಲ ಎಂದಿದ್ದ ಮೆಟ್ಟಿಲನ್ನು ಒಂದೇ ದಾಪಿಗೆ ಹತ್ತಿ ಒಳಗೆ ಬಂದು ಅವ್ವನನ್ನು ಎರಡು ಕೈಯಲ್ಲಿ ಎತ್ತಿಕೊಂಡ. ತಮ್ಮನ ಹೆಂಡತಿಯ ಎದುರು ಸರಿಯಾಗಿ ನಿಂತು ಮಾತಾಡಿದವನೂ ಅಲ್ಲ ಅವನು. ಮಾರುಕಟ್ಟೆಗೆ ಹೋಗಲು ನಿಂತಿದ್ದ ಟೆಂಪೋದಿಂದ ಮೂಟೆಗಳನ್ನು ಕೆಳಕ್ಕೆ ತಳ್ಳಿಸಿ, ಗೋಣಿಚೀಲ ಹಾಸಿ, ಅವ್ವನನ್ನು ಮಲಗಿಸಿದ. ಅವಳ ತಲೆ ನನ್ನ ತೊಡೆಯ ಮೇಲೆ. ತಿಪಟೂರಿನವರೆಗೂ ದೊಡ್ಡಪ್ಪ ಡ್ರೈವರನ ಪಕ್ಕ ಕೂತು ಒಂದೇ ಮಾತು ಹೇಳುತ್ತಿದ್ದ.

“ಗುಂಡಿ ನೋಡ್ಕಂಡ್ ಓಡ್ಸಲಾ. ಬಿರ್ರನೆ ಹೋಗು, ಗುಂಡಿ ನೋಡ್ಕಂಡ್ ಓಡ್ಸು.”

ಅವ್ವ ಉಳಿದಳು. ಕೂಸು ಉಳಿಯಲಿಲ್ಲ. ಅಪ್ಪ ಹೇಳಿದ ಹಾಗೆ ಗಂಡೇ. ಇನ್ನು ಮುಂದೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರಮ್ಮ ದೊಡ್ಡಪ್ಪನಿಗೆ ಹೇಳಿದರು, ಅವನೇ ಗಂಡ ಎಂದುಕೊಂಡು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಅಪ್ಪ ಬಂದಾಗ ಸಂಜೆಯಾಗಿತ್ತು. ಅದೇ ಬಿಳಿ ಬಟ್ಟೆ, ಕತ್ತಿನಲ್ಲಿ ಅದೇ ಸೀಟಿ. ವಾರ್ಡಿನ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ. ಅವರಿಬ್ಬರೂ ಮುಖ ಕೊಟ್ಟು ಮಾತಾಡಿ ವರ್ಷಗಳಾಗಿದ್ದವು. ದೊಡ್ಡಪ್ಪ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ:

“ಯಾರ್ ಗೆದ್ರಪ್ಪ?”

ಅಪ್ಪ ಉತ್ತರ ಕೊಟ್ಟ. ಅದನ್ನು ನೆನೆದಾಗ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಅಭ್ಯಾಸಬಲವೋ, ಗಾಬರಿಯೋ, ಏನು ಕೇಳಿದರು ಎಂದೂ ತಿಳಿಯಲಿಲ್ಲವೋ, ಅವನು ಉತ್ತರ ಕೊಟ್ಟ.

“ಹುಳಿಯಾರ್ನೋರು.”

ಒಳಗೆ ಮಲಗಿದ್ದ ಅವ್ವನಿಗೆ ಅದು ಕೇಳಿಸಿತು. ಅವಳು ಗೋಡೆಯ ಕಡೆ ಮಗ್ಗುಲಾದಳು. ಆಮೇಲೆ ದೊಡ್ಡಪ್ಪನನ್ನು ಹತ್ತಿರ ಕರೆದು ಏನೋ ಹೇಳಿದಳು. ಅವನು ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟನ್ನು ಎದೆಗೆ ಒತ್ತಿ ಹಿಡಿದು ಟೆಂಪೋ ಹತ್ತಿ ಊರಿಗೆ ಹೋದ. ಎಲ್ಲಿಗೆ ಒಯ್ಯುತ್ತೀ ಎಂದು ಅಪ್ಪ ಕೇಳಲಿಲ್ಲ.

ಅವ್ವ ಮನೆಗೆ ಬಂದು ಕೆಲವು ವಾರ ಮಲಗಿದ್ದಳು. ದೊಡ್ಡಮ್ಮ ಬೇಲಿ ದಾಟಿ ಬಂದು ಗಂಜಿ ಕಾಯಿಸಿ ಕೊಡುತ್ತಿದ್ದಳು. ಅಪ್ಪ ಸ್ವಲ್ಪ ದಿನ ಬಲೆ ಬಿಚ್ಚಿಟ್ಟ. ಮಾತು ಕಮ್ಮಿ ಮಾಡಿದ. ಅವ್ವನ ಹಾಸಿಗೆಯ ಹತ್ತಿರ ಒಂದೆರಡು ಸಲ ಬಂದು ನಿಂತು, ಕಿತ್ತಳೆಹಣ್ಣು ಇಟ್ಟು ಹೋದ. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಹುಡುಗರು ಬಂದು ಬಂದು ಬೇಲಿಯ ಹತ್ತಿರ ನಿಂತರು. ಅವ್ವ ಎದ್ದು ಓಡಾಡತೊಡಗಿದ ಮೇಲೆ ಒಂದು ಭಾನುವಾರ ಅಪ್ಪ ಮತ್ತೆ ಬಲೆ ಕಟ್ಟಿದ. ಅಡಿಗೆಮನೆಯ ಕಡೆ ನೋಡದೆಯೇ, “ಇವತ್ತು ಹುಡುಗ್ರು ಬತ್ತಾರೆ” ಎಂದ. ಅವ್ವ ಮೂರು ಜನಕ್ಕಾಗುವಷ್ಟು ಮುದ್ದೆ ಮಾಡಿದಳು. ಆಟ ಮುಗಿಸಿ ಹುಡುಗರು ಬಂದು ಎಂದಿನಂತೆ ಜಗಲಿಯಲ್ಲಿ ಸಾಲಾಗಿ ಕೂತರು. ಅವ್ವ ಬಾಗಿಲಿಗೆ ಬಂದು ನಿಂತಳು.

“ಒಲೆ ಆರೈತೆ ಕಣ್ರಪ್ಪ. ನಿಮ್ಮ ನಿಮ್ಮ ಮನೇಲಿ ಉಣ್ಣೋಗಿ.”

ಹುಡುಗರು ಒಬ್ಬೊಬ್ಬರೇ ಎದ್ದು ಹೋದರು. ಅಂದು ಅಪ್ಪ ಕೂಗಾಡಿದಷ್ಟು ಎಂದೂ ಕೂಗಾಡಿರಲಿಲ್ಲ. ಮನೆಗೆ ಬಂದವರನ್ನು ಹಸಿದು ಕಳಿಸಿದೆ, ನನ್ನ ಮಾನ ಕಳೆದೆ, ಊರಲ್ಲಿ ಹೇಗೆ ತಲೆ ಎತ್ತಿಕೊಂಡು ತಿರುಗಲಿ ಎಂದೆಲ್ಲ ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿಕೊಂಡು ಅರಚಿದ. ಅವ್ವ ನನಗೆ ಬಡಿಸಿ, ತಾನೂ ಬಡಿಸಿಕೊಂಡು, ಅವನ ತಟ್ಟೆಯನ್ನು ಮುಚ್ಚಿಟ್ಟು, ಉಣ್ಣತೊಡಗಿದಳು. ಅವನಿಗಿಂತ ಮೊದಲು ಅವಳು ಉಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಮುಂಗಾರು ಹಿಡಿದ ಮೇಲೆ ಒಂದು ದಿನ ಅಪ್ಪ ಪೆನ್ಷನ್ ಕೆಲಸವೆಂದು ತುರುವೇಕೆರೆಗೆ ಹೋಗಿದ್ದ. ಅವ್ವ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿದು ಅಂಕಣಕ್ಕೆ ಇಳಿದಳು. ದೊಡ್ಡಪ್ಪ ತನ್ನ ಆಳನ್ನು ಕಳಿಸಿದ, ಆಮೇಲೆ ತಾನೇ ಆರು ಸಸಿಗಳನ್ನು ತಂದುಕೊಟ್ಟ. ಬಲೆ ಬಿಚ್ಚಿ ಸುತ್ತಿಟ್ಟರು. ಗೆರೆಗಳ ಮೇಲೆಯೇ ಗುಂಡಿ ತೋಡಿದರು. ನಾನು ಬೂದಿ, ಗೊಬ್ಬರ ಹೊತ್ತು ಹಾಕಿದೆ. ಮಧ್ಯಾಹ್ನ ಬಸ್ಸಿಳಿದು ಬಂದ ಅಪ್ಪ ದಾರಿಯಲ್ಲೇ ನಿಂತ. ಆಮೇಲೆ ಸರಸರನೆ ಬಂದು, ಒಂದು ಸಸಿಯ ಗರಿಗೆ ಕೈ ಹಾಕಿ, ಕೀಳಲು ಬಗ್ಗಿದ. ಅವ್ವ ಗುದ್ದಲಿ ಕೆಳಗಿಟ್ಟಳು. ಅಲ್ಲಿಯವರೆಗೂ ಗಂಡನನ್ನು ‘ನೀವು’ ಎಂದೇ ಕರೆದಿದ್ದವಳು.

“ಕೀಳು. ಕಿತ್ಹಾಕು. ಗೆರೆ ಆಚೆ ಆ ಮೂಲೇಲಿ ನಿನ್ನ ಮಗನ್ನ ಮಣ್ಣು ಮಾಡವ್ರೆ. ದಿನಾ ನಿನ್ನ ಹುಡುಗ್ರು ಅದ್ರ ಮೇಲೇ ತುಳ್ಕಂಡ್ ಹೋಗಿ ಬಾಲ್ ತತ್ತಿದ್ರು. ಎಲ್ಲಿ ಇಟ್ರಿ ಅಂತ ನೀನು ಒಂದಿನ ಕೇಳ್ದ್ಯಾ?”

ಅಪ್ಪ ಆ ಮೂಲೆಯ ಕಡೆ ನೋಡಿದ. ನಾನೂ ನೋಡಿದೆ, ನನಗೂ ಅಂದೇ ಗೊತ್ತಾದದ್ದು. ನಾನು ಎಷ್ಟೋ ಸಲ ಚೆಂಡು ಹುಡುಕಿದ ಜಾಗ. ಅವನ ಕೈ ಗರಿಯಿಂದ ಜಾರಿತು. ಅವನು ಒಳಗೆ ಹೋಗಿ ಟ್ರಂಕಿನ ಮೇಲೆ ಕೂತುಬಿಟ್ಟ. ಅವ್ವ ಉಳಿದ ಸಸಿಗಳಿಗೆ ಮಣ್ಣು ಎಳೆದು, ನೀರು ಹಾಕಿಯೇ ಮೇಲೆ ಬಂದದ್ದು.

ಆಟ ಹೈಸ್ಕೂಲ್ ಮೈದಾನಕ್ಕೆ ಹೋಯಿತು. ಅಲ್ಲಿ ಅದು ಬೆಳೆಯಿತು, ಅಪ್ಪನ ಹೆಸರೂ ಬೆಳೆಯಿತು. ಅವನಿಂದ ಕಲಿತ ಹುಡುಗರಿಗೆ ನೌಕರಿ ಸಿಕ್ಕಿತು, ಅವರು ಹಬ್ಬಕ್ಕೆ ಬಂದು ಅವನ ಕಾಲಿಗೆ ಬಿದ್ದರು. ಅದರಲ್ಲಿ ಸುಳ್ಳಿಲ್ಲ. ಅವ್ವ ಅವನ ಜೊತೆಗೇ ಬಾಳಿದಳು, ಅವನಿಗೆ ಬೇಯಿಸಿ ಹಾಕಿದಳು, ‘ನೀವು’ ಅನ್ನುವುದನ್ನು ಮಾತ್ರ ಮತ್ತೆ ಶುರುಮಾಡಲಿಲ್ಲ. ನಾನು ಅಲ್ಲಿಂದ ಏನು ತಂದೆ ಎಂದರೆ ಈ ಸಿಟ್ಟು. ನನ್ನ ಮನೆಯಲ್ಲಿ ಒಬ್ಬರು ಕರೆದಾಗ ಇನ್ನೊಬ್ಬರು ‘ತಡಿ, ಬಂದೆ’ ಎಂದರೆ ನಾನು ರಂಪ ಮಾಡುತ್ತೇನೆ. ಮಕ್ಕಳು ಹೆದರಿ ಬೆಳೆದರು, ಗಂಡ ಒಗ್ಗಿಕೊಂಡರು. ಕಾರಣ ಅವರಿಗೆ ಗೊತ್ತು.

ಅಪ್ಪ ಸಾಯುವ ಕೆಲವು ತಿಂಗಳ ಮುಂಚೆ ಊರಿಗೆ ಹೋಗಿದ್ದೆ. ಮಂಡಿ ನೋವೆಂದು ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದ್ದ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಟೀವಿಯಲ್ಲಿ ವಾಲಿಬಾಲ್ ನೋಡುತ್ತಿದ್ದ, ದೊಡ್ಡ ಸದ್ದು ಇಟ್ಟುಕೊಂಡು. ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ಬಹಳ ವರ್ಷ ಕೇಳದೆ ಇದ್ದದ್ದನ್ನು ಅಂದು ಕೇಳಿಯೇಬಿಟ್ಟೆ.

“ಅಪ್ಪ, ಅವತ್ತು ನಾನು ಕೂಗಿದ್ದು ನಿನಗೆ ಕೇಳಿಸ್ತು ತಾನೇ?”

ಯಾವತ್ತು ಎಂದು ಅವನು ಕೇಳಲಿಲ್ಲ. ರಿಮೋಟು ತಡಕಿ ಟೀವಿಯ ಸದ್ದು ಅಡಗಿಸಿದ. ಪರದೆಯ ಮೇಲೆ ಆಟಗಾರರು ಸದ್ದಿಲ್ಲದೆ ಹಾರುತ್ತಿದ್ದರು.

“ಕೇಳಿಸ್ತು.”

“ಮತ್ತೆ?”

“ಹದಿನಾಲ್ಕು, ಹನ್ನೆರಡು ಆಗಿತ್ತು ಕಣವ್ವ. ಒಂದು ಪಾಯಿಂಟ್ ಬೇಕಿತ್ತು, ಅಷ್ಟೆ. ಆ ಹುಳಿಯಾರಿನ ಹುಡುಗ ಎರಡು ಸಲ ಸರ್ವಿಸ್ ನೆಟ್ಟಿಗೆ ಹೊಡ್ದ. ಇಲ್ದಿದ್ರೆ ಆವಾಗ್ಲೇ ಮುಗ್ದೋಗಿರೋದು.”

ಅವನ ಕಣ್ಣಲ್ಲಿ ನೀರಿತ್ತು. ಆ ಹುಡುಗನ ಮೇಲೆ ಅವನಿಗೆ ಇನ್ನೂ ಕೋಪವಿತ್ತು, ಅದೂ ಕಂಡಿತು. ಇದನ್ನು ಕೇಳಿದವರು, ಪಾಪ, ಮುದುಕ ಒಳಗೊಳಗೇ ಎಷ್ಟು ಬೆಂದಿದ್ದಾನೆ ನೋಡು, ಇನ್ನಾದರೂ ಮರೆತುಬಿಡು ಎನ್ನುತ್ತಾರೆ. ಬೆಂದಿರಬಹುದು. ಆ ಸೆಟ್ಟನ್ನು ನನ್ನಪ್ಪ ಅಷ್ಟೂ ವರ್ಷ ತಲೆಯೊಳಗೆ ಮತ್ತೆ ಮತ್ತೆ ಆಡಿದ್ದ, ಒಂದೊಂದು ಪಾಯಿಂಟೂ ಅವನಿಗೆ ಬಾಯಿಪಾಠವಾಗಿತ್ತು. ಅಷ್ಟು ಸಲ ಆಡಿದವನು ಒಂದು ಸಲವೂ ಆ ಸ್ಟೂಲಿನಿಂದ ಕೆಳಗೆ ಇಳಿದಿರಲಿಲ್ಲ.

ನಾನು ಖಾಲಿ ಲೋಟ ತೆಗೆದುಕೊಂಡು ಎದ್ದು ಅವ್ವನ ಹತ್ತಿರ ಹೋದೆ. ನಡುಮನೆ ದಾಟುವಷ್ಟರಲ್ಲಿ ಟೀವಿಯ ಸದ್ದು ಮತ್ತೆ ಜೋರಾಯಿತು.